ಅವ್ವ ನೋಡಲು ಬಂದ ರೇಸು

ಐಸಿನ ಮೇಲೆ ಜಾರುವ ಲೂಜ್ ಬಂಡಿ ಓಡಿಸುತ್ತಿದ್ದೆ ಎಂದರೆ ಎಲ್ಲರೂ ಟಿವಿಯಲ್ಲಿ ಕಂಡ ಕಾಂಕ್ರೀಟಿನ ಕಾಲುವೆಯನ್ನು ನೆನೆಯುತ್ತಾರೆ. ನನ್ನದು ಅದಲ್ಲ. ಗುಡ್ಡದ ಕಾಡುದಾರಿಗೇ ನೀರು ಹಾಯಿಸಿ ಹೆಪ್ಪುಗಟ್ಟಿಸುತ್ತಾರೆ. ಮರದ ಜಾರುಬಂಡಿಯ ಮೇಲೆ ಕಾಲು ಮುಂದೆ ಚಾಚಿ ಒರಗಿಕೊಳ್ಳಬೇಕು. ತಿರುಗಿಸಲು ಕೈಯಲ್ಲೊಂದು ಹಗ್ಗ, ಬ್ರೇಕಿಗೆ ಬೂಟಿನ ಮುಳ್ಳುಗಳು. ತಿರುವು ತಪ್ಪಿದರೆ ಎದುರಿಗೆ ಹಲಗೆಯ ಗೋಡೆ.

ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಯಿಂದ ಆ ಗುಡ್ಡಕ್ಕೆ ಮಿಶಿಗನ್ ರಾಜ್ಯವನ್ನೇ ಅಡ್ಡಹಾಯ್ದು ಹೋಗಬೇಕಿತ್ತು. ಪ್ರತಿ ಶನಿವಾರ ಅಪ್ಪ ಕರೆದೊಯ್ಯುತ್ತಿದ್ದರು. ಅವ್ವ ಚಪಾತಿ ಕಟ್ಟಿಕೊಡುತ್ತಿದ್ದಳು, ಬರುತ್ತಿರಲಿಲ್ಲ. “ಎಲ್ಲರೆ ಕಾಲು ಮುರಕೊಂಡ್ರ ಏನ್ ಮಾಡೂದ್ರಿ?” ಎಂದು ಅಪ್ಪನನ್ನು ಕೇಳುತ್ತಿದ್ದಳು. ಅಪ್ಪ ಕಾರು ಬಿಸಿ ಮಾಡಲು ಹೋಗುತ್ತಿದ್ದರು.

ಕಾಲೇಜು ಮುಗಿಯುವ ಹೊತ್ತಿಗೆ ನಾನು ದೇಶದ ತಂಡದಲ್ಲಿದ್ದೆ. ಯುರೋಪಿನ ರೇಸುಗಳಲ್ಲಿ ಅಲ್ಲಿನ ಗುಡ್ಡಗಳಲ್ಲೇ ಬೆಳೆದ ಹುಡುಗಿಯರ ಹಿಂದೆ, ಬಹುತೇಕ ಕೊನೆಯವಳಾಗಿ ಮುಗಿಸುತ್ತಿದ್ದೆ. ಒಂದು ತಿರುವು ಸರಿಯಾಗಿ ಸಿಕ್ಕಿದರೂ ಸಾಕು, ಮತ್ತೆ ಹೋಗಬೇಕೆನಿಸುತ್ತಿತ್ತು.

ಆ ವರ್ಷ ತಂಡದ ಆಯ್ಕೆಯ ರೇಸು ನಮ್ಮ ಗುಡ್ಡದಲ್ಲೇ ಇತ್ತು. ಅವ್ವ ತಾನಾಗಿಯೇ, “ನಾನೂ ಬರ್ತೇನಿ. ನಿನ್ನ ಮಗಳು ಏನ್ ಆಡ್ತಾಳಂತ ಮಂದಿ ಕೇಳಿದ್ರ ಹೇಳಾಕ ಬರಂಗಿಲ್ಲ ನನಗ,” ಎಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಚೆನ್ನಾಗಿ ಕಾಣುವ ಕೆಳಗಿನ ತಿರುವಿನ ಬಳಿ ನಿಲ್ಲಲು ನಾನೇ ಹೇಳಿದೆ.

ಹಿಂದಿನ ದಿನದಿಂದ ಚಳಿ ಕಡಿಮೆಯಾಗಿತ್ತು. ಫ್ಯಾರನ್‌ಹೀಟಿನಲ್ಲಿ ನಲವತ್ತು ಡಿಗ್ರಿ ದಾಟಿ, ಬಿಸಿಲು ಬಿದ್ದಲ್ಲೆಲ್ಲ ಐಸು ಮೆತ್ತಗಾಗಿತ್ತು. ಆದರೂ ರೇಸು ನಡೆಯಿತು. ಕೆಳಗಿನ ತಿರುವಿಗೆ ಬಂದಾಗ ಬಂಡಿಯ ಅಡಿಯ ಉಕ್ಕಿನ ಪಟ್ಟಿ ಕೆಸರಿನಂಥ ಐಸಿನಲ್ಲಿ ಹೂತುಕೊಂಡಿತು. ನಾನು ನೇರವಾಗಿ ಹಲಗೆಗೆ ಬಡಿದೆ. ತೊಡೆಯ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಹಲಗೆಯ ಆಚೆ ಅವ್ವ ನಿಂತಿದ್ದಳು. ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು.

ಆಸ್ಪತ್ರೆಯಲ್ಲಿ ನನ್ನ ಕಡೆ ನೋಡದೆ, “ನನ್ನ ಕಣ್ಣ ತಾಗೇತಿ ನಿನಗ,” ಎಂದಳು.

“ಅವ್ವ, ದಟ್ ಮೇಕ್ಸ್ ನೋ ಸೆನ್ಸ್. ಐಸು ಮೆತ್ತಗಿತ್ತು.”

“ಇಷ್ಟ ವರ್ಷ ಏನೂ ಆಗಿದ್ದಿಲ್ಲ. ನಾ ಬಂದ ದಿನಾನ ಆತು.”

ಕಾಲಿಗೆ ಕಂಬಿ ಹಾಕಿದರು. ಮುಂದಿನ ಚಳಿಗಾಲ ಹಟ ಹಿಡಿದು ಮತ್ತೆ ಗುಡ್ಡ ಹತ್ತಿದೆ. ಮೇಲೆ ಬಂಡಿಯಲ್ಲಿ ಕೂತಾಗ, ತಳ್ಳಿಕೊಂಡು ಹೊರಡಲೆಂದು ಅಕ್ಕಪಕ್ಕದಲ್ಲಿರುವ ಹಿಡಿಕೆಗಳನ್ನು ಕೈಗಳು ಬಿಡಲೇ ಇಲ್ಲ. ಸರದಿಯಲ್ಲಿದ್ದವರು ಕಾಯುತ್ತಿದ್ದರು. ಕೊನೆಗೆ ಇಳಿದೆ. ಉದ್ದಕ್ಕೂ ಮುಳ್ಳು ಊರಿ, ಐಸು ಕೆರೆಯುತ್ತ ಇಳಿದೆ. ಕೆಳಗಿದ್ದ ಕೋಚ್ ಹೆಲ್ಮೆಟ್ ತೆಗೆಯಲು ಸಹಾಯ ಮಾಡಿದರು.

ಜೊತೆಗೆ ಬಂದಿದ್ದ ಅವ್ವ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ, ಗುಡ್ಡಕ್ಕೆ ಬೆನ್ನು ಮಾಡಿ ಕೂತಿದ್ದಳು. ಬಾಗಿಲು ತೆರೆದೆ.

“ಬಂದೇನು?”

“ಬಂದೆ.”

“ನಡಕೋತ ಬಂದೇನು?”

“ಹೂಂ.”

ಆಗ ಅತ್ತಳು. ಇನ್ನು ಆಡುವುದಿಲ್ಲ ಎಂದು ಅಲ್ಲೇ ಹೇಳಿಬಿಟ್ಟೆ. ಅಪ್ಪ ಬಂಡಿಯನ್ನು ಡಿಕ್ಕಿಯಲ್ಲಿಟ್ಟು ಕಾರು ಹೊರಡಿಸಿದರು.

ಈಗ ನನಗೆ ಬೇರೆ ರಾಜ್ಯದ ಲೈಲ್ ಎಂಬ ಊರಿನಲ್ಲಿ ಕೆಲಸ. ಅಪ್ಪ-ಅವ್ವನ ಮನೆಗೆ ಹೋಗಿ ವಾಪಸು ಹೊರಡುವಾಗ ಅಪ್ಪ ಕಾರಿನವರೆಗೆ ಬರುತ್ತಾರೆ. ಅವ್ವ ಬರುವುದಿಲ್ಲ. ಅಡುಗೆಮನೆಯಿಂದಲೇ, “ಸಾವಕಾಶ ಹೋಗು,” ಎನ್ನುತ್ತಾಳೆ. ಎಷ್ಟು ಕರೆದರೂ ಕಿಟಕಿಗೂ ಬರುವುದಿಲ್ಲ.