ಪದ ತಂಗಿಗೆ, ಸ್ವರ ಅಣ್ಣನಿಗೆ

ಹಳೆಯ ಪುಸ್ತಕ ಕೊಳ್ಳಲು ಹೋದವರು ಮೊದಲು ಪುಸ್ತಕವನ್ನು ಹೊಗಳಬಾರದು. ಹೊಗಳಿದಿರೋ, ದರ ಏರಿತೆಂದೇ ಲೆಕ್ಕ. ಮೊದಲು ಬೆನ್ನಿನ ಹೊಲಿಗೆ ನೋಡಿ, ಆಮೇಲೆ ಮನೆಯವರ ಮುಖ ನೋಡಿ, ಸುಮ್ಮನೆ ಚಹಾ ಕುಡಿಯಿರಿ. ಸೈಕಲ್ಲಿಗೆ ಗೋಣಿಚೀಲ ಕಟ್ಟಿ ರದ್ದಿ ಕೂಡಿಸುತ್ತ ರೋಣದಲ್ಲಿ ಹಳೆ ಸಾಮಾನಿನ ಅಂಗಡಿ ಹಾಕಿದವನು ನಾನು. ಈ ಬುದ್ಧಿಯೇ ಇಷ್ಟು ವರ್ಷ ಹೊಟ್ಟೆಗೆ ಹಾಕಿದೆ. ಹೋದ ಬೇಸಿಗೆಯಲ್ಲಿ ಮಾತ್ರ ಅದು ಉಪಯೋಗಕ್ಕೆ ಬರಲಿಲ್ಲ.

ಗಜೇಂದ್ರಗಡದ ಒಬ್ಬ ಹೆಣ್ಣುಮಗಳ ಹತ್ತಿರ ತಂದೆಯ ಪುಸ್ತಕವೊಂದಿತ್ತು. ಆ ತಂದೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿದವರು. ಆ ಕಾಲದಲ್ಲಿ ಅಚ್ಚಾಗಿ ಬರುತ್ತಿದ್ದ ರಂಗಗೀತೆಗಳ ಹಾಳೆಗಳನ್ನು ಊರೂರಿನಲ್ಲಿ ಕೂಡಿಸಿ, ಹೆಂಡತಿಯ ಹಳೆಯ ಖಣದ ಅರಿವೆಯನ್ನೇ ರಟ್ಟಿಗೆ ಹೊದಿಸಿ, ಎರಡು ಪುಸ್ತಕ ಕಟ್ಟಿಸಿದ್ದರು. ಒಂದರಲ್ಲಿ ಪದಗಳು, ನಟರಿಗೆ ಕಲಿಸಲು. ಇನ್ನೊಂದರಲ್ಲಿ ಅವೇ ಪದಗಳ ಸ್ವರಗಳು, ತಾವು ಮುಂದಿಟ್ಟುಕೊಳ್ಳಲು. ಅವರು ತೀರಿದ ಮೇಲೆ ಆಸ್ತಿ ಪಾಲು ಮಾಡುವ ವಾಟ್ನಿಗೆ ಕೂತ ಹಿರಿಯರು, ಎರಡು ಪುಸ್ತಕ, ಎರಡು ಮಕ್ಕಳು ಎಂದು ತಲೆಗೊಂದು ಹಂಚಿದರು. ಹಾಡು ನಡುವೆ ಸೀಳಿತೆಂದು ಯಾರಿಗೂ ಹೊಳೆಯಲಿಲ್ಲ. ಪದದ ಪುಸ್ತಕದ ಜೊತೆ ಹಾರ್ಮೋನಿಯಮ್ಮೂ ತಂಗಿಗೆ ಹೋಯಿತು. ಸ್ವರದ ಪುಸ್ತಕ ಹಿಡಿದು ನರಗುಂದಕ್ಕೆ ಹೋದ ಅಣ್ಣ ಅಂದಿನಿಂದ ಅವಳ ಹೊಸ್ತಿಲು ತುಳಿದಿಲ್ಲ.

ನನಗೆ ಮುಂಬಯಿಯ ಒಬ್ಬ ಗಿರಾಕಿ ಇದ್ದ. ಜೋಡಿ ಕೂಡಿದರೆ ಮಾತ್ರ ಬೇಕು ಎಂದಿದ್ದ.

ಆ ತಂಗಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳು ಅಂದಳು: "ಮಾರೋದು ಆಮ್ಯಾಲ, ತಮ್ಮಾ. ಮದ್ಲ ಅಣ್ಣನ ಪುಸ್ತಕ ತಂದು ತೋರ್ಸು. ಅಪ್ಪನ ಪದ ಬಾಯಾಗ ಅದಾವ, ಧಾಟಿ ಒಂದೊಂದ ಮರ್ತ ಹೊಂಟಾವ. ಬೆಳಗಿನ ಪದದ ಎರಡನೇ ಸಾಲು ಬಂತಂದ್ರ ಕೈ ನಿಂತಬಿಡತೈತಿ. ನಾ ಹೋದ್ರ ಅದೂ ಹೋತು."

ನರಗುಂದಕ್ಕೆ ಹೋದೆ. ಅಣ್ಣ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡೇ ಮಾತಾಡಿದ.

"ಹಾರ್ಮೋನಿಯಂ ಪೆಟ್ಟಿಗಿ ಕೊಡ್ತಾಳೇನು, ಕೇಳ್ರಿ."

"ಪುಸ್ತಕ ಬ್ಯಾಡ್ರಿ, ಒಂದ ಫೋಟೊ ಹೊಡ್ಕೋತೀನ್ರಿ ಮೊಬೈಲಿನಾಗ."

"ಹೊಲದಾಗಿನ ಬೆಳಿ ಒಯ್ದು, ಹೊಲಾ ನಿಮ್ಮದ ಐತಲ್ರಿ ಅಂದಂಗಾತು. ಭಾಳ ಶಾಣ್ಯಾ ಅದೀರಿ ಸಾವ್ಕಾರ್ರ."

ಗಜೇಂದ್ರಗಡಕ್ಕೆ ತಿರುಗಿ ಹೋದೆ. "ಪೆಟ್ಟಿಗಿ ಒಯ್ದು ಏನ ಮಾಡ್ತಾನ? ಅವಗ ಸಾ ಯಾವುದು ಪಾ ಯಾವುದು ಗೊತ್ತಿಲ್ಲ," ಎಂದಳು ಅಕ್ಕ. ಈ ಮಾತನ್ನು ನರಗುಂದಕ್ಕೆ ಮುಟ್ಟಿಸಲಿಲ್ಲ. ದಲಾಲಿ ಮಾಡುವವರು ನೆನಪಿಡಿ: ಕೇಳಿದ್ದರಲ್ಲಿ ಅರ್ಧ ನುಂಗಲು ಬರಬೇಕು. ಆದರೆ ನುಂಗಿ ನುಂಗಿ ನಾನೇ ದಣಿದಿದ್ದೆ. ಬಸ್ಸಿನಲ್ಲಿ ಕೂತರೆ ಮೊಣಕಾಲು ಹಿಡಿಯುತ್ತಿತ್ತು. ಇಬ್ಬರು ಮುದುಕರ ಸಿಟ್ಟನ್ನು ಹೊತ್ತು ತಿರುಗುವುದಕ್ಕಿಂತ ರದ್ದಿ ಹೊರುವುದು ಹಗುರ ಅನ್ನಿಸಿತ್ತು. ಗಿರಾಕಿಯೂ ಫೋನ್ ಮಾಡುವುದನ್ನು ಬಿಟ್ಟಿದ್ದ.

ಕೊನೆಯ ಸಲವೆಂದು ಅಕ್ಕನ ಮನೆಗೆ ಹೋದಾಗ ಅವಳು ಹಾರ್ಮೋನಿಯಂ ಮುಂದೆ ಕೂತು ಅದೇ ಬೆಳಗಿನ ಪದ ಹಿಡಿದಿದ್ದಳು. ನನ್ನಿಂದ ಆಗದು ಎಂದು ಇಬ್ಬರಿಗೂ ಒಮ್ಮೆಲೇ ಹೇಳಿ ಮುಗಿಸೋಣವೆಂದು ಅಲ್ಲಿಂದಲೇ ಅಣ್ಣನಿಗೆ ಫೋನ್ ಹಚ್ಚಿದೆ. ಅವನು ಎತ್ತಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಎರಡನೇ ಸಾಲಿಗೆ ಬಂದಳು, ಎಡವಿದಳು, ಮತ್ತೆ ಹಿಡಿದಳು, ಮತ್ತೆ ಎಡವಿದಳು.

ಫೋನಿನಲ್ಲಿ ಹಾಳೆ ತಿರುವಿದ ಸಪ್ಪಳ ಕೇಳಿತು.

"ನಿಷಾದ ಕೋಮಲ ಐತಿ ಅಲ್ಲಿ. ಕೋಮಲ, ಅನ್ರಿ ಆಕೀಗೆ."

ನಾನು ಸ್ಪೀಕರ್ ಒತ್ತಿ ಫೋನನ್ನು ಪೆಟ್ಟಿಗೆಯ ಮೇಲಿಟ್ಟೆ. ಅಕ್ಕನ ಕೈ ನಿಂತಿತು.

"ಅಣ್ಣಾ?"

"ನಿ, ಧ, ಪ. ನಿ ಮ್ಯಾಲ ಎರಡು ಮಾತ್ರಿ ನಿಂದ್ರು. ಅವಸರ ಮಾಡಬ್ಯಾಡ, ಮದ್ಲಿಂದ ನಿಂದು ಅದ ಚಾಳಿ."

"ನಿನಗ ಸ್ವರಾ ಓದಾಕ ಯಾವಾಗ ಬಂತೋ?"

"ಮನ್ಯಾಗ ಪುಸ್ತಕಾ ಒಂದ ಇದ್ರ ಮತ್ತೇನ ಮಾಡ್ಲಿ? ಬಾರ್ಸು."

ಅವಳು ಬಾರಿಸಿದಳು. ಮೂರು ಸಲ ತಿದ್ದಿದ ಮೇಲೆ ಸಾಲು ದಾಟಿತು. ಅವಳು ಪೂರ್ತಿ ಪದ ಹಾಡಿ ಮುಗಿಸಿದಳು. ಇನ್ನು ಈ ಎರಡರಲ್ಲಿ ಒಂದನ್ನೂ ಯಾರೂ ಮಾರುವುದಿಲ್ಲವೆಂದು ನನಗೆ ಆಗಲೇ ಗೊತ್ತಾಯಿತು. ವ್ಯಾಪಾರ ಮುರಿದದ್ದು ತಿಳಿದ ಕೂಡಲೇ ಎದ್ದು ಹೊರಡಬೇಕು. ನಾನು ಏಳಲಿಲ್ಲ, ಗೋಡೆಗೆ ಒರಗಿ ಕೂತೆ.

"ಉಳಿದದ್ದು ನಾಳಿಗೆ," ಎಂದ ಅಣ್ಣ.

"ಅಣ್ಣಾರ, ತಂಗಿ ನಂಬರ್ ಬರ್ಕೋರಿ ಹಂಗಾರ," ಎಂದೆ.

"ನನಗ್ಯಾಕ ಆಕಿ ನಂಬರು? ಪೆಟ್ಟಿಗಿ ಒಯ್ದಾಕಿ ಕೂಡ ನಾ ಮಾತಾಡಂಗಿಲ್ಲ. ನಾಳಿಗೂ ನೀವ ಅಲ್ಲಿ ಹೋಗಿ ಫೋನ್ ಹಚ್ಚರಿ."

ಅಕ್ಕ ನಗುತ್ತ, "ಮುಂಜಾನಿ ಮದ್ಲನೇ ಬಸ್ಸಿಗೆ ಬಾ ತಮ್ಮಾ, ನಾಷ್ಟಾ ಇಲ್ಲೇ ಮಾಡೀಯಂತ," ಎಂದಳು.