ಹೊರದೇಶದ ಅಡಿಕೆಗೆ ಸಂಕ

ಚಾರ್ಮಾಡಿಯ ಜನ ಹಳ್ಳ ದಾಟಲು ಪ್ರತಿವರ್ಷವೂ ಮರದ ಸಂಕ ಹಾಕಿಕೊಡುವವನು ವೆಂಕಪ್ಪ. ಹೊರದೇಶದ ಅಡಿಕೆಗೆ ಸರ್ಕಾರ ಸುಂಕ ಹಾಕಿದೆಯೆಂದು ಹೋಟೆಲಿನ ರೇಡಿಯೊ ಹೇಳಿದಾಗ ಅವನಿಗೆ ಕೇಳಿಸಿದ್ದೂ ಸಂಕವೇ. ಸಂಕ ಹಾಕಿದರೆ ಆ ಅಡಿಕೆ ದಾಟಿ ಬಾರದಿರುತ್ತದೆಯೇ! ಕ್ರಯ ಬಿದ್ದೀತೆಂದು ಹೆದರಿ, ಇದ್ದೊಂದು ಮೂಟೆ ಅಡಿಕೆಯನ್ನು ಸಿಕ್ಕಿದ ಕ್ರಯಕ್ಕೆ ಮಾರಲು ಬೆಳ್ತಂಗಡಿಗೆ ಹೊತ್ತು ತಂದ. ಬಾಣಂತಿ ಮಗಳು ಸುಂದರಿಗೆ ಎದೆಹಾಲು ಸಾಲದು; ಅವಳ ಕೂಸಿಗೆ ವಿಲಾಯತಿ ಹಾಲುಪುಡಿಯೂ ಬೇಕಿತ್ತು.

ಅಂಗಡಿಯ ಭೋಜ ಶೆಟ್ಟರು ನಕ್ಕರು. “ಸಂಕ ಅಲ್ಲ ಮಾರಾಯ, ಸುಂಕ! ದಾಟಿಸಲಿಕ್ಕಲ್ಲ, ತಡೆಯಲಿಕ್ಕೆ. ಅಡಿಕೆ ಇಟ್ಟುಕೋ, ಕ್ರಯ ಏರ್ತದೆ.”

“ಬದುಕಿದೆ! ಒಂದು ಹಾಲಿನ ಡಬ್ಬಿ ಕೊಡಿ.”

“ಅದಕ್ಕೂ ಸುಂಕ ಬಿದ್ದು, ಡಬ್ಬಿ ಬರುವುದೇ ನಿಂತಿದೆ.”

“ಅಡಿಕೆ ಕಾದೀತು ಶೆಟ್ರೆ, ಕೂಸು ಕಾಯ್ತದಾ?” ಎಂದು ವೆಂಕಪ್ಪ ಮೂಟೆಯನ್ನು ತಕ್ಕಡಿಗೇರಿಸಿದ. ಸಂಜೆ, ಹಾಲು ಕೊಡುವ ಆಡೊಂದನ್ನು ಹಿಡಿದುಕೊಂಡು ಊರಿಗೆ ಹೊರಟ.