ಕೆರೆಗೆ ಬಿಟ್ಟ ನೀರು

"ನಾವು ನೀರು ಬಿಟ್ಟೆವು, ಆಂಧ್ರದವರೇ ಉಳಿಸಿಕೊಳ್ಳಲಿಲ್ಲ." ಈ ಮಾತನ್ನು ಸಿರುಗುಪ್ಪದ ಚಹಾದಂಗಡಿಯಲ್ಲೂ ಕೇಳಿದ್ದೇನೆ, ಕುರುಗೋಡಿನ ಮದುವೆ ಪಂಕ್ತಿಯಲ್ಲೂ ಕೇಳಿದ್ದೇನೆ. ಎಷ್ಟು ಜನ ಹೇಳಿದರೆ ಒಂದು ಮಾತು ನಿಜವಾಗುತ್ತದೆ? ಮೊನ್ನೆ ಬಳ್ಳಾರಿಯ ಮಾರ್ಕೆಟ್ಟಿನಲ್ಲಿ, ಬೂದಿ ಹಚ್ಚಿ ತಿಕ್ಕುತ್ತಿದ್ದ ಕೆರೆಮೀನಿನ ವಾಸನೆ ಮೂಗಿಗೆ ಬಡಿದಾಗ, ಆ ಕಥೆಯಲ್ಲಿ ಎಂದೂ ಬಾರದ ಹೆಂಗಸೊಬ್ಬಳು ನೆನಪಾದಳು...

ನಮಗೆ ಅವಳು ಮೀನಿನಕ್ಕ. ಗಡಿಯಾಚೆಯ ಕೆರೆಯ ಮೀನನ್ನು ಬೋಗುಣಿಯಲ್ಲಿ ಹೊತ್ತು, ಬಸ್ಸು ಹಿಡಿದು ನಮ್ಮೂರು ಹಚ್ಚೊಳ್ಳಿಗೆ ಬರುತ್ತಿದ್ದಳು. ಮೀನು ಸಣ್ಣದೆಂದು ನಾನು ತಕರಾರು ತೆಗೆದರೆ, "ಏನವ್ವಾ ವಕೀಲಮ್ಮ, ಕೆರಿನ ಸಣ್ಣದಾಗೈತಿ, ಮೀನೇನು ಮಾಡಬೇಕು?" ಎಂದು ನಗುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಆ ನಗುವೂ ಸಣ್ಣದಾಯಿತು.

ಆ ಕೆರೆಗೆ ನೀರು ಹೋಗಬೇಕಾದದ್ದು ನಮ್ಮೂರು ದಾಟುವ ಕಾಲುವೆಯಿಂದಲೇ. ಒಂದು ಬೇಸಿಗೆ, ಕಾಲುವೆ ನಿಲ್ಲುವ ಮುನ್ನ ಕೊನೆಯ ನೀರನ್ನು ಕೆರೆಗೆ ಹರಿಸಲು ಎರಡೂ ರಾಜ್ಯದ ಅಧಿಕಾರಿಗಳು ಒಪ್ಪಿದ್ದರು. ಅದಕ್ಕೆ ನಮ್ಮೂರಿನ ತೂಬುಗಳು ಮುಚ್ಚಿರಬೇಕಿತ್ತು. ನಮ್ಮ ಭತ್ತವೋ ಆಗಷ್ಟೇ ಹಾಲುಗಟ್ಟುತ್ತಿತ್ತು. ರೈತರ ಮುಂದಾಳು ನನ್ನ ಅಪ್ಪ.

ಅಂದು ಮೀನಿನಕ್ಕ ಬರಿಗೈಯಲ್ಲಿ ಬಂದಳು.

"ಅಣ್ಣಾ, ಕೆರಿ ನಡುವ ಒಂದ ಗುಂಡಿ ಉಳದೈತಿ. ತಾಯಿಮೀನು ಅದರಾಗ ಬಾಯಿ ಬಿಡಾಕ ಹತ್ಯಾವ."

"ನನ್ನ ಭತ್ತ ಬಾಯಿ ಬಿಟ್ಟಿಲ್ಲೇನು?"

"ಈ ಬೆಳಿ ಹೋದ್ರ ನಿಮಗ ಮುಂದಿನ ಬೆಳಿ ಐತಿ. ತಾಯಿಮೀನು ಸತ್ರ ನಮಗ ಬೀಜನ ಇಲ್ಲ, ಅಣ್ಣಾ."

ಅಪ್ಪ ಎದ್ದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಹೋಗವಾ, ಮುಚ್ಚಸ್ತೀನಿ" ಎಂದರು. ಅಮ್ಮ ಕೊಟ್ಟ ಚಹಾವನ್ನೂ ಕುಡಿಯದೆ, ಮೀನಿನಕ್ಕ ತನ್ನೂರಿಗೆ ಸುದ್ದಿ ಮುಟ್ಟಿಸಲು ಓಡಿದಳು.

ತೂಬು ಮುಚ್ಚಿದ್ದನ್ನು ಊರೆಲ್ಲ ನೋಡಿತು, ಫೋಟೋ ಕೂಡ ತೆಗೆದರು. ಮರುದಿನ ನಾನು ಗದ್ದೆಗೆ ಹೋದರೆ ಪಾದ ಮುಳುಗುವಷ್ಟು ನೀರು! "ಬಸಿನೀರವ್ವಾ ಅದು, ಕಾಲುವಿ ಮಣ್ಣಾಗಿಂದ ಜಿನುಗೇತಿ" ಎಂದರು ಅಪ್ಪ, ನನ್ನ ಮುಖ ನೋಡದೆ. ನಂಬಿದೆ... ನಂಬಲು ಯತ್ನಿಸಿದೆ. ಆದರೆ ಭತ್ತದ ಬುಡದಲ್ಲಿ ಬೆರಳುದ್ದದ ಮೀನುಮರಿಗಳು ಓಡಾಡುತ್ತಿದ್ದವು.

ಮೀನಿನಕ್ಕ ಮತ್ತೆ ಬರಲಿಲ್ಲ. ಗುಂಡಿಯೂ ಒಣಗಿತೆಂದು ಬಸ್ಸಿನ ಕಂಡಕ್ಟರ್ ಹೇಳಿದ. ಅವಳು ಎಲ್ಲಿಗೆ ಹೋದಳೋ, ಇದ್ದಾಳೋ ಇಲ್ಲವೋ...

ಈಗ ಅದೇ ಕೆರೆಗೆ ನೀರು ಬಿಡುವ ಮಾತು ಮತ್ತೆ ಎದ್ದಿದೆ. ನಾಳೆ ಸಿರುಗುಪ್ಪದಲ್ಲಿ ಸಭೆ, ಆಚೆಯ ಊರಿನವರೂ ಬರುತ್ತಾರೆ. "ಡಿಬೇಟಿನ್ಯಾಗ ಕಪ್ ತಂದಾಕಿ ನೀನು. ಹಿಂದ ನಾವು ಬಿಟ್ಟಿದ್ವಿ, ಅವರ ಉಳಿಸಿಕೊಳ್ಳಲಿಲ್ಲ ಅಂತ ನಾಕು ಮಾತು ಗಟ್ಟಿ ಬರಕೊಡು" ಎಂದು ಅಪ್ಪ ಇಂದು ಫೋನ್ ಮಾಡಿದ್ದರು. ಯಾವ ಪಕ್ಷ ಕೊಟ್ಟರೂ ವಾದಿಸಬಲ್ಲೆ. ಅದೇ ಈಗ ನನಗೆ ಭಯ. ನಾನು ಚೆನ್ನಾಗಿ ಬರೆದುಕೊಟ್ಟರೆ ಸಭೆ ನಂಬಿಬಿಡುತ್ತದೆ, ಆ ಜನ ಬರಿಗೈಯಲ್ಲಿ ಬಸ್ಸು ಹತ್ತುತ್ತಾರೆ.

ಒಂದಕ್ಷರವೂ ಬರೆಯಲಾಗದೆ ನಾನೇ ತಿರುಗಿ ಫೋನ್ ಮಾಡಿದೆ.

"ಬರದೇನವ್ವಾ?" ಎಂದರು.

"ಬರೀತೀನಿ. ಮೊದಲ ಇದೊಂದು ಹೇಳಪ್ಪಾ, ಬಸಿನೀರಿನಾಗ ಮೀನು ಹೆಂಗ ಬಂದುವು?"